ದಾರಿಹೋಕರ ತಟ್ಟೆ

ಆ ವರ್ಷ ವಿನ್ಸೆಂಟಿಯ ಮನೆಯವರು ಖಾಲಿ ತಟ್ಟೆಯನ್ನೂ ಮಾರಿಬಿಟ್ಟರು. ಹೀಗೆ ಹೇಳಿದರೆ ಅವನ ಸೊಸೆ ಇಲೋನಾಗೆ ಮೂಗಿನ ತುದಿಗೆ ಕೋಪ ಬರುತ್ತದೆ. ಬರಲಿ. ಆ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ಮರದ ಬೇಲಿ ಮಾತ್ರ. ಗಂಡ ಹೋದಾಗಿನಿಂದ ಕ್ರಿಸ್ಮಸ್ ಮುನ್ನಾದಿನದ ಊಟ ನನಗೆ ಅಲ್ಲೇ. ಕಡುಬು ಮಡಿಸಿ ಮಡಿಸಿ ನನ್ನ ಬೆರಳ ಸಂದಿಯಲ್ಲಿ ಆ ಮನೆಯ ಹಿಟ್ಟು ಸೇರಿಕೊಂಡಿದೆ. ಇಷ್ಟು ಹೇಳುವ ಹಕ್ಕು ನನಗಿದೆ.

ನಮ್ಮ ಲಾಂಟ್ಸ್ಕೊರೋನಾದಲ್ಲಿ, ನಮ್ಮಲ್ಲೇನು, ಪೋಲೆಂಡಿನ ಯಾವ ಮನೆಯಲ್ಲಾದರೂ, ಆ ಸಂಜೆ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತೇವೆ. ದಾರಿ ತಪ್ಪಿದವರು, ದಿಕ್ಕಿಲ್ಲದವರು ಬಾಗಿಲಿಗೆ ಬಂದರೆ ಕರೆದು ಕೂರಿಸಬೇಕು. ನೀನ್ಯಾರು, ಏನು ಮಾಡಿ ಬಂದೆ ಎಂದು ಕೇಳುವಂತಿಲ್ಲ. ನಾನು ಹುಟ್ಟಿದಾಗಿನಿಂದ ಯಾರ ಮನೆಗೂ ಯಾವ ದಾರಿಹೋಕನೂ ಬಂದು ಉಂಡದ್ದನ್ನು ಕಂಡಿಲ್ಲ. ತಟ್ಟೆ ಮಾತ್ರ ತಪ್ಪದೆ ಇಡುತ್ತೇವೆ, ಊಟವಾದ ಮೇಲೆ ಒರೆಸಿ ಎತ್ತಿಡುತ್ತೇವೆ. ಯಾರಿಗೆ ಇಟ್ಟಿದ್ದು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ವಿನ್ಸೆಂಟಿಯ ಮನೆಯಲ್ಲಂತೂ ಕೇಳುವ ಅಗತ್ಯವೇ ಇರಲಿಲ್ಲ. ಅವನ ಮಗಳು ಲೂಸಿನಾ ಆರು ವರ್ಷದ ಹಿಂದೆ ರೋಮನ್ ಎಂಬವನ ಜೊತೆ ಒಪೋಲೆಗೆ ಹೋಗಿ ಮನೆ ಮಾಡಿದಳು. ರೋಮನ್‌ಗೆ ಮೊದಲೊಂದು ಮದುವೆಯಾಗಿತ್ತು, ಅದೂ ಚರ್ಚಿನಲ್ಲಿ. ಆ ಹೆಂಡತಿ ಬದುಕಿಯೇ ಇದ್ದಾಳೆ, ಅಂಥವನ ಎರಡನೆಯ ಮದುವೆಯನ್ನು ನಮ್ಮ ಚರ್ಚು ಒಪ್ಪುವುದಿಲ್ಲ. ವಿನ್ಸೆಂಟಿ ನಮ್ಮ ಚರ್ಚಿನ ಹಾಡಿನ ಮೇಳದಲ್ಲಿ ಮುಂದಿನ ಸಾಲಿನವನು. "ಅವನ ಜೊತೆ ಹೋದ್ರೆ ಈ ಹೊಸಿಲು ಮರೆತುಬಿಡು" ಎಂದ. ಅವಳು ಹೋದಳು. ಅವಳಿಗೊಂದು ಗಂಡು ಮಗುವಾಯಿತು, ಆಂತೆಕ್ ಎಂದು ಹೆಸರಿಟ್ಟರು. ಅದರ ಅಜ್ಜಿ, ವಿನ್ಸೆಂಟಿಯ ಹೆಂಡತಿ, ಅದನ್ನು ನೋಡಿದ್ದು ಫೋಟೊದಲ್ಲಿ, ಅದೂ ನನ್ನ ಅಡುಗೆಮನೆಯಲ್ಲಿ ಕೂತು, ನನ್ನ ಫೋನಿನಲ್ಲಿ. ವರ್ಷಕ್ಕೊಂದು ಸಂಜೆ ಮಾತ್ರ ಆ ಅಜ್ಜಿ ಗೆನೊವೆಫಾ, ನಮ್ಮ ಗೆನ್ಯಾ, ಗಂಡನ ಕಣ್ಣೆದುರಿಗೇ ಮಗಳಿಗೊಂದು ತಟ್ಟೆ ಇಡುತ್ತಿದ್ದಳು. ಅವನೂ ಸುಮ್ಮನಿರುತ್ತಿದ್ದ. ಸಂಪ್ರದಾಯಕ್ಕೆ ಬೇಡ ಎನ್ನುವುದು ಹೇಗೆ?

ಡಿಸೆಂಬರ್ ಮೊದಲ ವಾರದಲ್ಲಿ ಗೆನ್ಯಾ ಗಸಗಸೆ ಪೊಟ್ಟಣ ಹಿಡಿದುಕೊಂಡು ನನ್ನ ಮನೆಗೆ ಬಂದಳು. ಅವಳ ಮನೆಯಲ್ಲಿ ಅರೆಯುವ ಬಟ್ಟಲಿಲ್ಲವೇ? ಮಾತಾಡಲು ಬಂದಿದ್ದಾಳೆ ಎಂದು ಗೊತ್ತಾಯಿತು.

"ಲೂಸಿನಾ ಬರ್ತಾಳಂತೆ ಬ್ರೋನ್ಯಾ," ಎಂದಳು.

"ಎಲ್ಲಿಗೆ?"

"ಮನೆಗೆ. ಮುನ್ನಾದಿನ ಸಂಜೆ, ಸಾರು ಬಡಿಸೋ ಹೊತ್ತಿಗೆ. ನಾನೇ ಬಾ ಅಂದೆ. ಅವತ್ತು ಬಾಗಿಲಿಗೆ ಬಂದೋರನ್ನ ಅವನು ಹೋಗು ಅನ್ನೋ ಹಾಗಿಲ್ಲ. ತಟ್ಟೆ ಇರತ್ತಲ್ಲ. ದಾರೀಲಿ ಹೋಗ್ತಿದ್ವಿ, ಬೆಳಕು ಕಾಣಿಸ್ತು ಅನ್ನು ಅಂತ ಹೇಳಿಕೊಟ್ಟಿದೀನಿ. ಮಗು ತೊಡೆ ಮೇಲೆ ಕೂತ್ಕೊಳ್ಳತ್ತೆ."

"ರೋಮನ್?"

"ಅವನು ಕಾರಲ್ಲೇ ಇರ್ತೀನಿ ಅಂದಿದಾನೆ, ಪಾಪ. ಒಂದು ಸಲ ಮೊಮ್ಮಗ ತೊಡೆ ಹತ್ತಿದ ಅಂದ್ರೆ ಈ ಮುದುಕ ಏನು ಮಾಡ್ತಾನೆ ಹೇಳು?"

ನನಗೂ ಸಂತೋಷವಾಯಿತು. ಅವಳು ಅರೆದ ಗಸಗಸೆ ನುಣ್ಣಗೆ ಬೆಣ್ಣೆಯಾಗಿತ್ತು.

ಈಗ ಇಲೋನಾ ವಿಷಯ. ಅವಳ ಗಂಡ ಲೆಷೆಕ್ ಕೆಲಸ ಮಾಡುತ್ತಿದ್ದ ಕುರ್ಚಿ ಕಾರ್ಖಾನೆ ಮುಚ್ಚಿಹೋಗಿತ್ತು. ಮನೆಯನ್ನು ಹಿಡಿದು ನಿಲ್ಲಿಸಿದವಳು ಅವಳೇ, ಇಲ್ಲವೆನ್ನಬಾರದು. ಮಹಡಿಯ ಎರಡು ಕೋಣೆಗೆ ಸುಣ್ಣ ಬಳಿಸಿ ಪರದೇಶದವರಿಗೆ ಬಾಡಿಗೆಗೆ ಕೊಟ್ಟಳು. ಆಮೇಲೆ ಕಂಡುಕೊಂಡಳು, ಬರುವವರಿಗೆ ಬೇಕಿರುವುದು ಹಾಸಿಗೆಯಲ್ಲ, ಹಬ್ಬ ಎಂದು. ತಮ್ಮ ಹಬ್ಬವನ್ನು ಊರಲ್ಲೇ ಬಿಟ್ಟು ಬೇರೆಯವರ ಹಬ್ಬ ನೋಡಲು ವಿಮಾನ ಹತ್ತುವ ಜನ ಪ್ರಪಂಚದಲ್ಲಿ ಇಷ್ಟಿದ್ದಾರೆ ಎಂದು ನಮಗೇನು ಗೊತ್ತು? ಹಿಂದಿನ ವರ್ಷ ನಾಲ್ವರು ಬಂದಿದ್ದರು. ಹಬ್ಬದೂಟಕ್ಕೆಂದು ಬಚ್ಚಲ ತೊಟ್ಟಿಯಲ್ಲಿ ಈಜಲು ಬಿಟ್ಟಿದ್ದ ಮೀನು, ಏಸು ಹುಟ್ಟಿದ ಗೋದಲಿಯ ನೆನಪಿಗೆ ಮೇಜುಬಟ್ಟೆಯ ಕೆಳಗೆ ಹಾಸಿದ ಹುಲ್ಲು, ಎಲ್ಲದರ ಫೋಟೊ ತೆಗೆದರು. ಎಲ್ಲಕ್ಕಿಂತ ಹೆಚ್ಚು ತೆಗೆದದ್ದು ಖಾಲಿ ತಟ್ಟೆಯದು. ಇಲೋನಾ ಅದನ್ನೇ ತನ್ನ ಜಾಹೀರಾತಿನ ತಲೆಗೆ ಹಾಕಿಕೊಂಡಳು. ಲೂಸಿನಾಳ ತಟ್ಟೆಯನ್ನು ಊರೂರು ನೋಡಿತು.

ಈ ವರ್ಷ ಸ್ಪೇನಿನ ಗಂಡ ಹೆಂಡತಿ, ಅವರ ಮೂರು ಮಕ್ಕಳು ಎಂದು ಗೊತ್ತಾಗಿತ್ತು. ಮನೆಯವರು ಐವರು: ವಿನ್ಸೆಂಟಿ, ಗೆನ್ಯಾ, ಲೆಷೆಕ್, ಇಲೋನಾ, ಅವರ ಹದಿನೇಳರ ಮಗಳು ಕಲೀನಾ. ನನ್ನನ್ನೂ ಸೇರಿಸಿದರೆ ಹನ್ನೊಂದು, ಖಾಲಿ ತಟ್ಟೆ ಹನ್ನೆರಡನೆಯದು. ಎಲ್ಲ ಸರಿಯಾಗಿತ್ತು.

ಹಬ್ಬಕ್ಕೆ ಒಂದು ವಾರವಿದೆ ಎನ್ನುವಾಗ ನಾನು ಒಣಗಿಸಿದ ಅಣಬೆ ಕೊಡಲು ಹೋದೆ. ಎಲ್ಲರೂ ಊಟಕ್ಕೆ ಕೂತಿದ್ದರು, ಆಲೂಗಡ್ಡೆ ಸಾರು, ರೈ ರೊಟ್ಟಿ. ಇಲೋನಾ ಒಂದು ಕೈಯಲ್ಲಿ ಚಮಚ, ಒಂದು ಕೈಯಲ್ಲಿ ಫೋನ್ ಹಿಡಿದಿದ್ದಳು.

"ಇನ್ನೊಬ್ಬರು ಬರ್ತಿದಾರೆ. ಇಂಗ್ಲೆಂಡಿನ ಹೆಂಗಸು, ಡೋರೀನ್ ಅಂತ. ಒಬ್ರೇ. ನಮ್ಮ ಖಾಲಿ ತಟ್ಟೆ ಫೋಟೊ ನೋಡಿ ಕಣ್ಣಲ್ಲಿ ನೀರು ಬಂತಂತೆ."

"ಎಲ್ಲಿ ಕೂರಿಸ್ತೀಯ?" ಗೆನ್ಯಾ ಕೇಳಿದಳು.

"ಅಲ್ಲೇ. ಆ ತಟ್ಟೆಗೆ."

ಗೆನ್ಯಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಆ ತಟ್ಟೆಗೆ ಆಗಲ್ಲ."

"ಯಾಕಾಗಲ್ಲ ಅತ್ತೆ? ಅದು ಇರೋದೇ ದಾರಿಹೋಕರಿಗೆ. ಈಯಮ್ಮ ಎರಡು ವಿಮಾನ ಹತ್ತಿ ಇಳಿದು ಬರ್ತಿದಾರೆ. ಇವರಿಗಿಂತ ದಾರಿಹೋಕರು ಬೇಕಾ ನಿಮಗೆ?"

"ಅದು ಹೇಳದೆ ಕೇಳದೆ ಬರೋರಿಗೆ."

"ಇವರೂ ಕೊನೇ ಗಳಿಗೇಲಿ ಬಂದೋರೇ. ನಾನೇನು ಕರೆದಿದ್ನಾ?"

"ದುಡ್ಡು ಕೊಟ್ಟು ಬರೋರು ದಾರಿಹೋಕರಲ್ಲ ಇಲೋನಾ."

"ದುಡ್ಡು ಕೊಡದೆ ಬರೋರು ಇದ್ರೆ ಹೇಳಿ, ಕೂರಿಸೋಣ. ಇಷ್ಟು ವರ್ಷ ಯಾರು ಬಂದ್ರು? ಮಾಡಿನ ತಗಡು ಮುಂದಿನ ಚಳಿಗಾಲ ತಡೆಯಲ್ಲ. ತಗಡಿನೋನು ತಟ್ಟೆ ನೋಡಿ ಸುಮ್ನಾಗ್ತಾನಾ?"

ಲೆಷೆಕ್ ರೊಟ್ಟಿಯನ್ನು ಸಾರಿಗೆ ಅದ್ದುತ್ತಾ "ಅಮ್ಮ, ಒಂದು ತಟ್ಟೆ ತಾನೇ" ಎಂದ. ಯಾವ ಜಗಳದಲ್ಲೂ ಅವನ ಪಾಲು ಅಷ್ಟೇ.

ಕಲೀನಾ ಮಾತ್ರ, "ಹಾಗಾದ್ರೆ ಮುಂದಿನ ವರ್ಷ ಅಜ್ಜಿ ಕುರ್ಚೀನೂ ಬಾಡಿಗೆಗೆ ಕೊಡಮ್ಮ. ಪೋಲಿಷ್ ಅಜ್ಜಿ ಜಾಗದಲ್ಲಿ ಕೂರುವ ಅನುಭವ ಅಂತ ಹಾಕು," ಎಂದಳು.

"ನಿನ್ನ ಫೋನಿನ ದುಡ್ಡು ಎಲ್ಲಿಂದ ಬರತ್ತೆ ಅಂತ ಮೊದಲು ತಿಳ್ಕೋ."

ವಿನ್ಸೆಂಟಿ ಮೀಸೆ ಒರೆಸಿಕೊಂಡ. "ಇಲೋನಾ ಹೇಳೋದ್ರಲ್ಲಿ ತಪ್ಪೇನಿಲ್ಲ. ಒಂಟಿ ಹೆಂಗಸು, ದೂರದಿಂದ ಬರ್ತಾಳೆ. ಕರೆದು ಕೂರಿಸೋದೇ ಸಂಪ್ರದಾಯ. ಪಾದ್ರಿಗಳನ್ನ ಕೇಳು ಬೇಕಾದ್ರೆ." ಎಂದು ಗೆನ್ಯಾಳ ಕಡೆ ನೋಡಿದ. "ಯಾಕೆ, ಬೇರೆ ಯಾರಾದ್ರೂ ಬರೋರಿದಾರಾ?"

ಇಡೀ ಅಡುಗೆಮನೆ ಗೆನ್ಯಾಳ ಉತ್ತರಕ್ಕೆ ಕಾದಂತೆ ನನಗನ್ನಿಸಿತು.

"ಯಾರು ಬರ್ತಾರೆ," ಎಂದು ಅವಳು ಸಾರು ಬಡಿಸಿದಳು.

ಅವನಿಗೆ ಮೊದಲೇ ವಾಸನೆ ಹತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಮರುದಿನ ಕಡುಬಿಗೆ ಎಲೆಕೋಸು ಹೆಚ್ಚುವಾಗ ನಾನೇ ಕೆದಕಿದೆ. "ಇಲೋನಾಗೆ ಹೇಳಿಬಿಡು ಗೆನ್ಯಾ. ಅವಳೇನು ಕೆಟ್ಟವಳಲ್ಲ."

"ಇಲೋನಾಗೆ ಹೇಳಿದ್ರೆ ಲೆಷೆಕ್‌ಗೆ ಹೇಳ್ತಾಳೆ. ಲೆಷೆಕ್ ಹೊಟ್ಟೆಗೆ ಒಂದು ಬಿಯರ್ ಹೋದ್ರೆ ಅಪ್ಪನ ಕಿವಿಗೆ ಹೋಯ್ತು ಅಂತಾನೇ. ಆಮೇಲೆ ಇವನು ಬಾಗಿಲಿಗೆ ಬೀಗ ಹಾಕಿ ಚರ್ಚಿಗೆ ಹೋಗಿ ಕೂತ್ಕೋತಾನೆ."

"ಹಾಗಾದ್ರೆ ಲೂಸಿನಾಗಾದ್ರೂ ಹೇಳು."

"ಹೇಳಿದ್ರೆ ಅವಳು ಬರೋದೇ ಇಲ್ಲ." ಅವಳು ಎಲೆಕೋಸಿನ ಮೇಲೆ ಚಾಕು ಒತ್ತಿದಳು. "ನಾನು ಇನ್ನೊಂದು ತಟ್ಟೆ ಇಡ್ತೀನಿ. ಒಂದು ತಟ್ಟೆಗೆ ಜಾಗ ಆಗ್ದೇ ಇರತ್ತಾ?"

ಹಬ್ಬದ ದಿನ ಬೆಳಗ್ಗಿನಿಂದ ಮನೆ ಕಾಲಿಡಲು ಜಾಗವಿಲ್ಲದಂತಾಯಿತು. ಲೆಷೆಕ್ ಬಚ್ಚಲಲ್ಲಿ ಮೀನು ಹಿಡಿಯುವಾಗ ಸ್ಪೇನಿನ ಚಿಕ್ಕ ಹುಡುಗಿ ಕಿಟಾರನೆ ಕಿರುಚಿ, ನಾನು ಅದನ್ನು ತಿನ್ನುವುದಿಲ್ಲ ಎಂದು ಮೆಟ್ಟಿಲ ಮೇಲೆ ಕೂತಳು. ಡೋರೀನ್ ಮಧ್ಯಾಹ್ನ ಬಂದಳು. ಕೆಂಪು ಉಣ್ಣೆ ಟೋಪಿಯ, ಗುಂಡು ಮುಖದ ಹೆಂಗಸು. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ಬಂದವಳೇ ಏಪ್ರನ್ ಕೇಳಿ ಕಟ್ಟಿಕೊಂಡು ನಮ್ಮ ಜೊತೆ ಕಡುಬು ಮಡಿಸಲು ಕೂತಳು. ಅವಳು ಮಡಿಸಿದ್ದೆಲ್ಲ ಬಾಯಿ ಬಿಟ್ಟುಕೊಂಡಿತು. ಕಲೀನಾ ಅವಳ ಮಾತನ್ನು ನಮಗೆ ಹೇಳುತ್ತಿದ್ದಳು.

"ಗಂಡ ತೀರಿಕೊಂಡ ಮೇಲೆ ಪ್ರತಿ ಕ್ರಿಸ್ಮಸ್‌ಗೂ ಬೇರೆ ದೇಶಕ್ಕೆ ಹೋಗ್ತಾರಂತೆ. ಫಿನ್ಲೆಂಡು, ಮೆಕ್ಸಿಕೊ, ಹೋದ ವರ್ಷ ಪೋರ್ಚುಗಲ್ಲು. ಪ್ರಪಂಚದ ಹಬ್ಬ ಎಲ್ಲಾ ನೋಡಬೇಕಂತೆ."

"ಮಕ್ಕಳಿಲ್ವಂತಾ?" ಗೆನ್ಯಾ ಕೇಳಿದಳು.

ಕಲೀನಾ ಕೇಳಿ ಹೇಳಿದಳು. "ಒಬ್ಬ ಮಗ ಇದಾನಂತೆ. ಅದೇ ಊರಲ್ಲಿ, ಎರಡು ಬೀದಿ ಆಚೆ. ಅವನ ಮನೆಗೆ ಕರೆಯಲ್ವಂತೆ. ಅದಕ್ಕೇ ಊರಲ್ಲಿದ್ರೆ ಬೇಜಾರಾಗತ್ತೆ, ಹೊರಟುಬಿಡ್ತೀನಿ ಅಂತಾರೆ."

ಗೆನ್ಯಾ ಡೋರೀನ್‌ಳ ಬಾಯಿಬಿಟ್ಟ ಕಡುಬುಗಳನ್ನೆಲ್ಲ ಹತ್ತಿರಕ್ಕೆ ಎಳೆದುಕೊಂಡು ಒಂದೊಂದಾಗಿ ಒತ್ತಿ ಮುಚ್ಚಿದಳು.

ಸಂಜೆ ಮೇಜಿಗೆ ತಟ್ಟೆ ಇಟ್ಟಾಗ ಗೆನ್ಯಾ ಮೂಲೆಯಲ್ಲಿ ತನ್ನ ಪಕ್ಕಕ್ಕೆ ಇನ್ನೊಂದು ತಟ್ಟೆ ಇಟ್ಟಳು. ಕುರ್ಚಿ ಹಿಡಿಸಲಿಲ್ಲ, ಸ್ನಾನದ ಮನೆಯ ಸ್ಟೂಲು ತಂದಳು. ವಿನ್ಸೆಂಟಿ ಟೈ ಕಟ್ಟಿಕೊಂಡು ಬಂದವನು ನಿಂತು ಎಣಿಸಿದ.

"ಹದಿಮೂರಾಯ್ತು." ಹದಿಮೂರು ತಟ್ಟೆಯ ಮೇಜಿನಿಂದ ಒಬ್ಬರು ವರ್ಷದೊಳಗೆ ಸಾಯುತ್ತಾರೆ ಎಂದು ನಮ್ಮಲ್ಲಿ ನಂಬಿಕೆ.

"ಖಾಲಿ ತಟ್ಟೆ ಬೇಡ್ವಾ?"

"ಖಾಲಿ ತಟ್ಟೆ ತುಂಬಿದೆಯಲ್ಲ. ಹದಿಮೂರು ತಟ್ಟೆ ಇಟ್ಟು ಯಾರನ್ನ ಕಳಿಸಬೇಕು ಅಂತಿದೀಯ, ನನ್ನನ್ನಾ?" ನಗುತ್ತಲೇ ತಟ್ಟೆಯನ್ನು ಎತ್ತಿ ಕಪಾಟಿನಲ್ಲಿಟ್ಟ. ಸ್ಟೂಲನ್ನು ಲೆಷೆಕ್ ವಾಪಸ್ಸು ಒಯ್ದ. ಅತಿಥಿಗಳು ಹಬ್ಬದ ಬಟ್ಟೆ ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದರು, ಜಗಳವಾಡುವಂತಿರಲಿಲ್ಲ.

ಮೊದಲ ನಕ್ಷತ್ರ ಕಂಡಿತು. ತೆಳ್ಳಗಿನ ಬಿಳಿ ರೊಟ್ಟಿಯನ್ನು ಒಬ್ಬರ ಕೈಯದನ್ನು ಇನ್ನೊಬ್ಬರು ಮುರಿದುಕೊಂಡು, ಒಳ್ಳೆಯದಾಗಲಿ ಎಂದು ಹರಸಿಕೊಂಡೆವು. ಡೋರೀನ್ ವಿನ್ಸೆಂಟಿಯ ರೊಟ್ಟಿಯ ಚೂರು ಮುರಿದುಕೊಂಡು ಅತ್ತೇಬಿಟ್ಟಳು. ಅವನು ಅವಳ ಕೈ ಹಿಡಿದು ತಲೆದೂಗಿದ. ಮಗಳಿಗೊಂದು ಚೂರನ್ನು ಗೆನ್ಯಾ ಏಪ್ರನ್ ಜೇಬಿಗೆ ಹಾಕಿಕೊಂಡದ್ದನ್ನು ನಾನೊಬ್ಬಳೇ ನೋಡಿದೆ. ಆಮೇಲೆ ಕೂತೆವು. ಕೂತ ಮೇಲೆ ಬಡಿಸುವವಳೊಬ್ಬಳನ್ನು ಬಿಟ್ಟು ಊಟ ಮುಗಿಯುವವರೆಗೆ ಯಾರೂ ಏಳಬಾರದು. ಮೊದಲು ಎದ್ದವರು ಮುಂದಿನ ಕ್ರಿಸ್ಮಸ್ ಕಾಣುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ಸ್ಪೇನಿನ ಮಕ್ಕಳಿಗೂ ಇದನ್ನು ಹೇಳಿ ಹೆದರಿಸಿಟ್ಟಿದ್ದರು.

ಗೆನ್ಯಾ ಬೀಟ್‌ರೂಟ್ ಸಾರಿನ ಪಾತ್ರೆ ತಂದಾಗ ಬಾಗಿಲು ಬಡಿದ ಸದ್ದಾಯಿತು. ಅವಳು ಚಿಲಕ ಹಾಕಿರಲಿಲ್ಲ.

"ತೆಗೆದಿದೆ, ಒಳಗೆ ಬನ್ನಿ," ಎಂದಳು.

ಲೂಸಿನಾ ಹೊಸಿಲ ಮೇಲೆ ಬಂದು ನಿಂತಳು. ಕೂದಲು ಕತ್ತರಿಸಿಕೊಂಡಿದ್ದಳು, ಮುಖ ಇಳಿದಿತ್ತು. ಅವಳ ಕೈ ಹಿಡಿದುಕೊಂಡ ಹುಡುಗನ ಟೋಪಿಯ ಮೇಲೆ ಹಿಮ. ಇಷ್ಟೊಂದು ಜನರನ್ನು ನೋಡಿ ಅವಳು ಗಾಬರಿಯಾದಳು. ಆದರೂ ಕಲಿತು ಬಂದದ್ದನ್ನು ಹೇಳಿದಳು.

"ದಾರೀಲಿ ಹೋಗ್ತಿದ್ವಿ. ಬೆಳಕು ಕಾಣಿಸ್ತು. ಕೂರೋಕೆ ಜಾಗ ಇದ್ಯಾ?"

"ಲೂಸಿನಾ ಅತ್ತೆ," ಎಂದು ಕಲೀನಾ ಅರ್ಧ ಎದ್ದಳು. ಲೆಷೆಕ್ ಅವಳ ಭುಜ ಒತ್ತಿ ಕೂರಿಸಿದ.

ವಿನ್ಸೆಂಟಿ ಮೇಜಿನ ಸುತ್ತ ಒಂದೊಂದೇ ತಟ್ಟೆ ನೋಡಿದ. ಸ್ಪೇನಿನವರು ಐವರು, ನಾನು, ಮನೆಯವರು, ಕೊನೆಗೆ ಡೋರೀನ್. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾವು ಯಾರಾದರೂ ಬಾಯಿ ಬಿಡುತ್ತಿದ್ದೆವು.

"ಇಲ್ಲಮ್ಮ," ಎಂದ. "ನೋಡು, ಎಲ್ಲಾ ತಟ್ಟೇಲೂ ಜನ ಇದಾರೆ. ಮುಂದಿನ ಮನೆ ನೋಡು."

ನಾನು ಎದ್ದೆ. "ಇಲ್ಲಿ ಬಾ ಲೂಸಿನಾ. ನನ್ನ ಜಾಗದಲ್ಲಿ ಕೂತ್ಕೊ."

"ಕೂತ್ಕೋ ಬ್ರೋನ್ಯಾ. ಮೊದಲು ಎದ್ದೋರು ಮುಂದಿನ ಕ್ರಿಸ್ಮಸ್ ಕಾಣಲ್ಲ."

"ಕಾಣದೇ ಇದ್ರೆ ಬೇಡ," ಎಂದೆ. ಆದರೆ ನನ್ನ ಕುರ್ಚಿ ಗೋಡೆಗೂ ಮಕ್ಕಳಿಗೂ ನಡುವೆ ಸಿಕ್ಕಿಕೊಂಡಿತ್ತು. ಅದನ್ನು ಎಳೆದಾಡುವಷ್ಟರಲ್ಲಿ ಆಂತೆಕ್ ಕೇಳಿದ, "ಅಮ್ಮಾ, ಇದೇನಾ ಅಜ್ಜಿ ಮನೆ?"

"ಅಲ್ಲ ಕಂದ. ಮನೆ ತಪ್ಪಿ ಬಂದ್ವಿ," ಎಂದು ಲೂಸಿನಾ ಅವನನ್ನು ಎತ್ತಿಕೊಂಡು ತಿರುಗಿದಳು.

ಗೆನ್ಯಾ ಸಾರಿನ ಪಾತ್ರೆಯನ್ನು ಇಲೋನಾಳ ಕೈಗೆ ತುರುಕಿ ಓಡಿದಳು. ನಾನು ಬಾಗಿಲಿಗೆ ಬರುವ ಹೊತ್ತಿಗೆ ಅವರು ಗೇಟಿನ ಹತ್ತಿರವಿದ್ದರು. ಗೆನ್ಯಾಳ ಕೈಯಲ್ಲಿ ಸೌಟು ಇನ್ನೂ ಇತ್ತು.

"ತಟ್ಟೆ ಇರತ್ತೆ ಅಂದಿದ್ದೆ ಅಮ್ಮ."

"ಇತ್ತು ಕಣೇ. ಹೋದ ವಾರದವರೆಗೂ ಇತ್ತು."

"ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ನೀನು ಬರ್ತಿರಲಿಲ್ಲ."

"ಬರ್ತಿರಲಿಲ್ಲ. ಈ ಮಗೂಗೆ ಇದನ್ನ ತೋರಿಸ್ತಿರಲಿಲ್ಲ."

ಗೆನ್ಯಾ ಹುಡುಗನ ಟೋಪಿಯ ಹಿಮ ಒರೆಸಿದಳು. ಅವನು ಅಮ್ಮನ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡ. ರೋಮನ್ ಕಾರಿನಿಂದ ಇಳಿದು ಹಿಂದಿನ ಬಾಗಿಲು ತೆಗೆದ. ಕಾರು ಇಳಿಜಾರಿನಲ್ಲಿ ನಿಧಾನವಾಗಿ ಹೋಯಿತು. ಆಮೇಲೆ ಗೆನ್ಯಾ ಏಪ್ರನ್ ಜೇಬು ಮುಟ್ಟಿ ನೋಡಿಕೊಂಡು, "ಇದನ್ನ ಕೊಡೋದೇ ಮರೆತೆ," ಎಂದಳು.

ಒಳಗೆ ಬಂದಾಗ ಡೋರೀನ್ ಏನೋ ಕೇಳುತ್ತಿದ್ದಳು. ಇಲೋನಾ ಬಿಳಿಚಿಕೊಂಡ ಮುಖದಲ್ಲಿ ನಗು ತಂದುಕೊಂಡು ಉತ್ತರಿಸಿದಳು. ಡೋರೀನ್ ಕೈಯನ್ನು ಎದೆಗಿಟ್ಟುಕೊಂಡು ಮತ್ತೇನೋ ಅಂದಳು, ತನ್ನ ತಟ್ಟೆ ನೋಡಿಕೊಂಡಳು, ಇದ್ದಕ್ಕಿದ್ದಂತೆ ನಕ್ಕಳು. ಸ್ಪೇನಿನವರೂ ನಕ್ಕರು.

"ಏನಂತೆ?" ನಾನು ಕೇಳಿದೆ.

ಕಲೀನಾ ಕಣ್ಣು ಒರೆಸಿಕೊಂಡಳು. "ಮನೆ ತಪ್ಪಿ ಬಂದೋರು ಅಂದ್ಲು ಅಮ್ಮ. ಅದಕ್ಕೆ ಇವರು, ಪಾಪ, ಮಗೂನ ಕಟ್ಟಿಕೊಂಡು ಬಂದಿದಾಳೆ, ನಿಮ್ಮ ಖಾಲಿ ತಟ್ಟೆಗೆ ಕರೀಬಹುದಿತ್ತಲ್ಲ ಅಂದ್ರು. ಆಮೇಲೆ, ಅಯ್ಯೋ, ಅದರ ಮುಂದೆ ನಾನೇ ಕೂತಿದೀನಲ್ಲ ಅಂದ್ರು. ನಾನು ಹೇಳ್ತೀನಿ ಇವರಿಗೆ. ಈಗಲೇ ಹೇಳ್ತೀನಿ."

"ಬೇಡ," ಎಂದಳು ಗೆನ್ಯಾ. "ಆಕೆ ಊಟ ಮಾಡ್ಲಿ. ಆಕೆ ಏನು ಮಾಡಿದಾಳೆ?"

"ಮೀನು ತಣ್ಣಗಾಗ್ತಿದೆ," ಎಂದ ವಿನ್ಸೆಂಟಿ.

ಗೆನ್ಯಾ ಮೀನು ಬಡಿಸಿದಳು. ಕಡುಬು ಬಡಿಸಿದಳು. ಗಸಗಸೆಯ ಸಿಹಿ ಬಡಿಸಿದಳು. ಡೋರೀನ್ ಎರಡು ಸಲ ಹಾಕಿಸಿಕೊಂಡಳು.

ಹಬ್ಬದ ಮಾರನೆಯ ದಿನ ಅತಿಥಿಗಳು ಕ್ರಾಕೋವ್ ನೋಡಲು ಹೋದ ಮೇಲೆ ಅಡುಗೆಮನೆಯಲ್ಲಿ ಜಗಳವಾಯಿತು. ಇಲೋನಾ ತಟ್ಟೆಗಳ ರಾಶಿಯ ಮುಂದೆ ನಿಂತು ಅತ್ತಳು.

"ನನಗೆ ಒಂದೇ ಒಂದು ಮಾತು ಹೇಳಬಾರದಿತ್ತಾ ಅತ್ತೆ? ನಾನು ಆ ಇಂಗ್ಲಿಷಿನೋರನ್ನ ಬೇಡ ಅಂತಿದ್ದೆ. ದೇವರಾಣೆ ಬೇಡ ಅಂತಿದ್ದೆ."

"ನಿನಗೆ ಹೇಳಿದ್ರೆ ಲೆಷೆಕ್‌ಗೆ ಹೇಳ್ತಿರಲಿಲ್ವಾ?"

ಇಲೋನಾ ಮೂಗು ಒರೆಸಿಕೊಂಡಳು. "ಹೇಳ್ತಿದ್ದೆ."

ಲೆಷೆಕ್ ಬೆನ್ನು ತಿರುಗಿಸಿಕೊಂಡು ತಟ್ಟೆ ಉಜ್ಜುತ್ತಿದ್ದ. ಕಲೀನಾ ತಾತನ ಜೊತೆ ಮಾತು ಬಿಟ್ಟಳು. ಅವನಿಗೆ ಅದು ಒಂದು ಲೆಕ್ಕವೇ ಅಲ್ಲ. ಚಹಾ ಬೇಕಾದರೆ ಲೋಟವನ್ನು ಮೇಜಿಗೆ ಕುಟ್ಟುತ್ತಿದ್ದ, ಯಾರಾದರೂ ತಂದಿಡುತ್ತಿದ್ದರು.

ಲೂಸಿನಾ ಅಮ್ಮನ ಫೋನನ್ನೂ ತೆಗೆಯಲಿಲ್ಲ, ನನ್ನದನ್ನೂ ತೆಗೆಯಲಿಲ್ಲ. ಜನವರಿ ಮಧ್ಯದಲ್ಲಿ ಲೆಷೆಕ್ ಯಾರಿಗೂ ಹೇಳದೆ ಬಸ್ಸು ಹತ್ತಿ ಒಪೋಲೆಗೆ ಹೋಗಿಬಂದ. ಹುಟ್ಟಿದಾಗಿನಿಂದ ಅವನು ತಾನಾಗಿ ಮಾಡಿದ ಕೆಲಸ ಅದೊಂದೇ ಇರಬೇಕು. ಅಪ್ಪ ಚರ್ಚಿಗೆ ಹೋಗುವವರೆಗೆ ಕಾದು, ನನ್ನ ಅಡುಗೆಮನೆಗೆ ಬಂದು ಅಮ್ಮನ ಎದುರು ಕೂತ.

"ಒಳಗೆ ಕರೆದ್ಲಾ?" ಗೆನ್ಯಾ ಕೇಳಿದಳು.

"ಕರೆದ್ಲು. ಚಹಾ ಕೊಟ್ಲು. ಮನೆಯೆಲ್ಲಾ ಪೆಟ್ಟಿಗೆ. ರೋಮನ್‌ಗೆ ನಾರ್ವೆಯಲ್ಲಿ ಕೆಲಸ ಸಿಕ್ಕಿದೆಯಂತೆ. ಹೊರಡ್ತಿದಾರೆ."

"ಸಿಟ್ಟಿದಾಳಾ?"

"ಇಲ್ಲಮ್ಮ. ಸಿಟ್ಟಿದ್ದಿದ್ರೆ ಚೆನ್ನಾಗಿತ್ತು. ಅಮ್ಮನ ಕಾಲುನೋವು ಹೇಗಿದೆ ಅಂತ ಕೇಳಿದ್ಲು." ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಅಮ್ಮನಿಗೆ ಹೇಳು, ಇನ್ನು ತಟ್ಟೆ ಇಡೋದು ಬೇಡ ಅಂತ ಅಂದ್ಲು."

ಗೆನ್ಯಾ ತಲೆಯಾಡಿಸಿದಳು. ನಾನು ಕೊಟ್ಟ ಚಹಾವನ್ನು ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಹೋದಳು. ಅವಳು ಅತ್ತಿದ್ದರೆ ನನಗೂ ಏನಾದರೂ ಮಾಡಲು ಇರುತ್ತಿತ್ತು.

ಡೋರೀನ್ ಊರಿಗೆ ಹೋಗಿ ನಮ್ಮನ್ನು ಹಾಡಿಹೊಗಳಿ ಬರೆದಳು. ಆ ತಟ್ಟೆಯ ಮುಂದೆ ಕೂತ ತನ್ನ ಫೋಟೊ ಹಾಕಿ, ಇಷ್ಟು ದೇಶ ತಿರುಗಿದೆ, ಬಾಗಿಲಿಗೆ ಬಂದವರನ್ನು ನೀನ್ಯಾರು ಎಂದು ಕೇಳದೆ ಕೂರಿಸುವ ಜನರನ್ನು ಇಲ್ಲೇ ಕಂಡೆ ಎಂದಳಂತೆ. ಅವಳಿಗೆ ಸುಳ್ಳು ಹೇಳಿ ಆಗಬೇಕಾದದ್ದೇನಿದೆ? ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಮುಂದಿನ ಕ್ರಿಸ್ಮಸ್ಸಿಗೆ ಆಗಲೇ ಜನ ಜಾಗ ಕೇಳತೊಡಗಿದರು.

ಫೆಬ್ರವರಿ ಎರಡರಂದು, ಮೇಣದ ಬತ್ತಿಗಳ ಹಬ್ಬದ ದಿನ, ನಮ್ಮಲ್ಲಿ ಕ್ರಿಸ್ಮಸ್ ಮರ ತೆಗೆಯುವುದು ವಾಡಿಕೆ. ನಾನು ಗಾಜಿನ ಗುಂಡುಗಳನ್ನು ಸುತ್ತಿಡಲು ಹೋಗಿದ್ದೆ. ಗೆನ್ಯಾ ಲೂಸಿನಾಗೆಂದು ಇಟ್ಟುಕೊಂಡಿದ್ದ ಆ ರೊಟ್ಟಿಯ ಚೂರನ್ನು ಕಪಾಟಿನಿಂದ ತೆಗೆದು, ಅಂಗಳಕ್ಕೆ ಹೋಗಿ ಪುಡಿಮಾಡಿ ಕೋಳಿಗಳಿಗೆ ಹಾಕಿ ಬಂದಳು. ಕೈ ಕೊಡವಿಕೊಂಡಳು.

ಇಲೋನಾ ಅವಳ ಮುಖ ನೋಡದೆ ಮೆಲ್ಲಗೆ, "ಅತ್ತೆ, ಈ ಡಿಸೆಂಬರಿಗೆ ಆರು ಜನ ಕೇಳ್ತಿದಾರೆ. ಐದಕ್ಕೇ ನಿಲ್ಲಿಸ್ತೀನಿ. ಎಷ್ಟು ತಟ್ಟೆ ಅಂತ ನೀವೇ ಹೇಳಿ," ಎಂದಳು.

"ಆರು ಜನಕ್ಕೂ ಹೂಂ ಅನ್ನು. ಎಷ್ಟು ಜನ ಇರ್ತಾರೋ ಅಷ್ಟೇ ತಟ್ಟೆ."

ಒಲೆಯ ಪಕ್ಕ ಕೂತಿದ್ದ ವಿನ್ಸೆಂಟಿ ಪತ್ರಿಕೆ ಕೆಳಗಿಳಿಸಿದ. "ಹಾಗಂದ್ರೆ ಹೇಗೆ? ದಾರಿಹೋಕರ ತಟ್ಟೆ ಇಡಬೇಕಲ್ಲ."

ಗೆನ್ಯಾ ಅವನ ಕಡೆ ತಿರುಗಿದಳು.

"ಯಾರಿಗೆ?" ಎಂದು ಕೇಳಿದಳು.